ಮಾವನ ಹೆಸರಿಲ್ಲದ ಮದುವೆ ಕಾಗದ

ಕೆಟ್ಟದಾಗಿ ಜೋಡಿಸಿದ ಒಂದು ಪುಟ ಕಂಡರೆ ನನಗೆ ಈಗಲೂ ಮಂಡೆ ಬಿಸಿಯಾಗುತ್ತದೆ. ಡಿಸೈನ್ ಕೋರ್ಸಿಗೆ ಸೇರಿದ ಮೊದಲ ವರ್ಷವಂತೂ ಈ ಕಾಯಿಲೆ ಬಹಳ ಜೋರಾಗಿತ್ತು. ನಮಗೆ ಪ್ರತಿ ವಾರ ಒಂದು ಕೆಲಸ ಇರುತ್ತಿತ್ತು. ಅಚ್ಚಾದ ಯಾವುದಾದರೂ ಒಂದು ಕಾಗದ, ಯಾವುದಾದರೂ ಒಂದು ವೆಬ್ ಪುಟ, ಎರಡನ್ನೂ ನೋಡಿ ಎಂತ ಸರಿ, ಎಂತ ತಪ್ಪು ಎಂದು ನೋಟ್‌ಬುಕ್ಕಿನಲ್ಲಿ ವಿಮರ್ಶೆ ಬರೆಯಬೇಕು. ಉಳಿದವರು ಅರ್ಧ ಪುಟಕ್ಕೆ ಪೆನ್ನು ಕಚ್ಚುತ್ತ ಕೂತಿದ್ದರೆ ನಾನು ನಾಲ್ಕು ಪುಟ ಬೈದು ಐದನೆಯದಕ್ಕೆ ಕೈ ಹಾಕುತ್ತಿದ್ದೆ.

ನನ್ನ ಕೈಯಿಂದ ಯಾರೂ ತಪ್ಪಿಸಿಕೊಂಡವರಿಲ್ಲ. ಹಳದಿಯ ಮೇಲೆ ಬಿಳಿ ಅಕ್ಷರದಲ್ಲಿ ಮೆನು ಬರೆದ ಜ್ಯೂಸ್ ಅಂಗಡಿ, ಟಿಕೆಟ್ ತೆಗೆಯುವ ಗುಂಡಿಯನ್ನು ಕುಣಿಯುವ ಜಾಹೀರಾತಿನ ಕೆಳಗೆ ಅಡಗಿಸಿಟ್ಟ ಬಸ್ಸಿನವರ ವೆಬ್ ಪುಟ, ಹುಟ್ಟುಹಬ್ಬದ ಶುಭಾಶಯಕ್ಕೆ ಇಡೀ ರಸ್ತೆಯನ್ನೇ ಮುಚ್ಚುವ ಫ್ಲೆಕ್ಸ್. ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಮದುವೆ ಕಾಗದ. ಪೇಟೆಯ ಒಂದು ಹಳೆಯ ಪ್ರೆಸ್ಸಿನ ಕಾಗದವನ್ನು ಹಿಡಿದು, 'ಇದು ಆಮಂತ್ರಣವೋ ಮತದಾರರ ಪಟ್ಟಿಯೋ?' ಎಂದು ಬರೆದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ.

"ಬೈಯುವುದು ಸುಲಭ. ಇದನ್ನು ಯಾರು ಓದ್ತಾರೆ, ಹೇಗೆ ಓದ್ತಾರೆ ಅಂತ ನೋಡಿದ್ದೀಯಾ?" ಎಂದು ಕೇಳಿದರು.

ನೋಡಲಿಕ್ಕೆ ಎಂತ ಉಂಟು, ಕಣ್ಣಿಗೆ ಕಾಣುತ್ತದಲ್ಲ ಎಂದುಕೊಂಡೆ. ಮನೆಯಲ್ಲಿ ಅಮ್ಮ ಯಾವಾಗಲೂ ಹೇಳುವವರು, "ನಿನ್ನ ಎಲುಬಿಲ್ಲದ ನಾಲಿಗೆ ಒಂದು ದಿನ ನಿನ್ನನ್ನೇ ಕಚ್ತದೆ" ಎಂದು. ಕಚ್ಚಿತು. ಅದೂ ಅಕ್ಕನ ಮದುವೆಯ ಹೊತ್ತಿಗೇ.

ಕಾವೂರಿನ ನಮ್ಮ ಮನೆಯಲ್ಲಿ ಅಕ್ಕನ ಮದುವೆ ನಿಶ್ಚಯವಾದ ದಿನವೇ ನಾನು ಘೋಷಿಸಿಬಿಟ್ಟೆ, ಕಾಗದ ನಾನೇ ಮಾಡುವುದು ಎಂದು. "ಕಲಿತವಳು ಅಲ್ವಾ, ಮಾಡಲಿ" ಎಂದರು ಅಪ್ಪ. ಒಂದು ವಾರ ಕೂತು ಮಾಡಿದೆ. ಬೆಳ್ಳಗಿನ ಕಾರ್ಡು, ಸುತ್ತ ಖಾಲಿ ಜಾಗ, ನಡುವೆ ನಾನೇ ಬಿಡಿಸಿದ ಒಂದು ಮಲ್ಲಿಗೆ ಮೊಗ್ಗು. ಕೆಳಗೆ ಮದುಮಕ್ಕಳ ಹೆಸರು, ದಿನ, ಮುಹೂರ್ತ, ಹಾಲ್. ಮೂಲೆಯಲ್ಲಿ ಫೋನಿನಿಂದ ಸ್ಕ್ಯಾನ್ ಮಾಡುವ ಒಂದು ಚೌಕ. ಸ್ಕ್ಯಾನ್ ಮಾಡಿದರೆ ವೆಬ್ ಪುಟ ತೆರೆಯುತ್ತದೆ, ಮನೆಯವರ ಹೆಸರೆಲ್ಲ ಅದರಲ್ಲಿ. ಅಕ್ಕನಿಗೆ ಬಹಳ ಇಷ್ಟವಾಯಿತು. ಅಮ್ಮ ಮಾತ್ರ ಕಾರ್ಡನ್ನು ಒಂದು ಗಳಿಗೆ ಹೆಚ್ಚು ಹಿಡಿದುಕೊಂಡು, "ನನ್ನ ಅಣ್ಣನ ಹೆಸರು?" ಎಂದರು. "ಫೋನಿನಲ್ಲಿ ಮೊದಲನೆಯದೇ ಅವರದ್ದು" ಎಂದೆ.

ಅಚ್ಚು ಹಾಕಿಸಲು ಹೋದದ್ದು ನಾನು ಮತದಾರರ ಪಟ್ಟಿ ಎಂದು ಗೇಲಿ ಮಾಡಿದ ಅದೇ ಪ್ರೆಸ್ಸಿಗೆ. ಅಪ್ಪನಿಗೆ ಬೇರೆ ಪ್ರೆಸ್ ಗೊತ್ತಿರಲಿಲ್ಲ. ಪ್ರೆಸ್ಸಿನ ಯಜಮಾನರು ಕಾರ್ಡನ್ನು ನೋಡಿ ಕನ್ನಡಕವನ್ನು ಹಣೆಗೆ ಏರಿಸಿದರು.

"ಲಾಯ್ಕುಂಟು. ಆದ್ರೆ ಎಲ್ಲ ಒಟ್ಟಿಗೆ ಹೊಡೆಯುವುದು ಬೇಡ ಮಗಾ. ಹತ್ತು ಕೊಡ್ತೇನೆ. ಮೊದಲು ದೈವಕ್ಕೆ ಇಡಿ, ಹಿರಿಯರಿಗೆ ಕೊಡಿ. ಮತ್ತೆ ನೋಡುವ."

ನನಗೆ ಸಿಟ್ಟು ಬಂತು. ಇವರಿಗೆ ಡಿಸೈನಿನ ಗಂಧಗಾಳಿ ಇಲ್ಲ ಎಂದು ದಾರಿಯುದ್ದಕ್ಕೂ ಅಪ್ಪನ ತಲೆ ತಿಂದೆ.

ನಮ್ಮದು ಅಳಿಯಸಂತಾನದ ಕುಟುಂಬ. ಹೆಣ್ಣಿನ ಕಡೆಯಿಂದ ಮನೆತನ, ಅಮ್ಮನ ಅಣ್ಣನೇ ಯಜಮಾನ. ಮದುವೆಯ ಮೊದಲ ಕಾಗದ ದೈವದ ಮುಂದೆ, ಎರಡನೆಯದು ಮಾವನ ಕೈಗೆ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವರೂ ಅವರೇ. ನಮ್ಮ ಮಾವ ಉಳ್ಳಾಲದಲ್ಲಿ ಬೋಟುಗಳಿಗೆ ಮಂಜುಗಡ್ಡೆ ಮಾಡುವ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ತಾನು ಶಾಲೆ ಬಿಟ್ಟು ತಂಗಿಯನ್ನು ಕಾಲೇಜಿಗೆ ಕಳಿಸಿದವರು. ಆ ತಂಗಿ ನನ್ನ ಅಮ್ಮ.

ನಾವು ಉಳ್ಳಾಲಕ್ಕೆ ಹೋಗಿ ಕೊಟ್ಟ ಕಾರ್ಡನ್ನು ಮಾವ ಎರಡೂ ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ಇನ್ನೊಂದು ಹಾಳೆ ಉಂಟೋ ಎಂದು ಕವರಿನೊಳಗೆ ಬೆರಳು ಹಾಕಿ ನೋಡಿದರು.

"ಹೆಸರುಗಳು ಎಲ್ಲಿ?"

"ಫೋನಿನಲ್ಲಿ ಉಂಟು ಮಾವ. ಈ ಚೌಕ ಸ್ಕ್ಯಾನ್ ಮಾಡಿದ್ರೆ ಎಲ್ಲರದ್ದೂ ಬರ್ತದೆ."

"ನನ್ನದೂ?"

"ನಿಮ್ಮದೇ ಮೊದಲು."

"ಒಳ್ಳೆಯದಾಯ್ತು," ಎಂದು ಮಾವ ಕಾರ್ಡನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಮದುವೆಗೆ ನಾನೂ ಫೋನಿನಲ್ಲೇ ಬರ್ತೇನೆ."

ತಮಾಷೆ ಎಂದುಕೊಂಡು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅಮ್ಮನ ಮುಖ ಬಿಳಿಚಿಕೊಂಡಿತ್ತು. ಮಾವ ಎದ್ದು ಒಳಗೆ ಹೋದವರು ಹೊರಗೆ ಬರಲಿಲ್ಲ. ಅತ್ತೆ ತಂದಿಟ್ಟ ಚಾ ಹಾಗೆಯೇ ತಣಿಯಿತು.

ಮನೆಗೆ ಬಂದ ಮೇಲೆ ಅಮ್ಮ ಊಟ ಮಾಡಲಿಲ್ಲ. ಮಾವ ಬಾರದೆ ಅಕ್ಕ ಮಂಟಪಕ್ಕೆ ಹೋಗುವುದು ಹೇಗೆ? ಫೋನು ಮಾಡಿದರೆ ಮಾವ ಎತ್ತುತ್ತಿರಲಿಲ್ಲ. ಅಕ್ಕ ನನ್ನ ಮುಂದೆ ನಿಂತು, "ನಿನ್ನ ಡಿಸೈನನ್ನು ನೀನೇ ಮದುವೆ ಆಗು ಮಾರಾಯ್ತಿ!" ಎಂದು ಅತ್ತಳು. ನಾನು ಆ ಕಾರ್ಡನ್ನು ತೆಗೆದು ನೋಡಿದೆ. ಒಂದು ಮಲ್ಲಿಗೆ ಮೊಗ್ಗಿಗೆ ಅಷ್ಟು ದೊಡ್ಡ ಜಾಗ ಕೊಟ್ಟಿದ್ದೆ. ಅಮ್ಮನನ್ನು ಓದಿಸಿದವರಿಗೆ ಒಂದು ಸಾಲಿನ ಜಾಗ ಇರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಎನ್ನುತ್ತಾರಲ್ಲ, ಅದು ನಾನೇ.

ಮರುದಿನ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಎರಡು ಬಸ್ಸು ಬದಲಿಸಿ, ನೇತ್ರಾವತಿ ದಾಟಿ ಒಬ್ಬಳೇ ಉಳ್ಳಾಲಕ್ಕೆ ಹೋದೆ. ಮಾವ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನನ್ನನ್ನು ಕಂಡೂ ಪೇಪರ್ ಇಳಿಸಲಿಲ್ಲ.

"ಮಾವ, ನನ್ನ ಕಾಗದಕ್ಕೆ ವಿಮರ್ಶೆ ಹೇಳಿ. ಬರೆದುಕೊಳ್ತೇನೆ."

"ಬೈಯ್ಲಿಕ್ಕಾ?"

"ಬೈಯಿರಿ. ನಾನು ಎಷ್ಟು ಜನರಿಗೆ ಬೈದಿದ್ದೇನೆ ಗೊತ್ತುಂಟಾ ನಿಮಗೆ?"

ಮಾವ ಪೇಪರ್ ಮಡಚಿಟ್ಟರು. ಎದ್ದು ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ತಂದರು. ಅದರ ತುಂಬ ಮದುವೆ ಕಾಗದಗಳು. ಒಂದನ್ನು ತೆಗೆದು ನನ್ನ ಮುಂದೆ ಓದತೊಡಗಿದರು. ಅವರ ಬೆರಳು ಮದುಮಕ್ಕಳ ಹೆಸರಿನ ಮೇಲೆ ನಿಲ್ಲಲೇ ಇಲ್ಲ. ನೇರ ಕೆಳಗೆ, ನಾನು ಮತದಾರರ ಪಟ್ಟಿ ಎಂದಿದ್ದ ಸಣ್ಣ ಅಕ್ಷರದ ಗುಂಪಿಗೆ ಹೋಯಿತು.

"ಇಲ್ಲಿ ನೋಡು, ಈ ಮನೆಯ ಕಿರಿಯವನ ಹೆಸರಿಲ್ಲ. ಜಾಗದ ಜಗಳ ಮುಗಿದಿಲ್ಲ ಅಂತ ಅರ್ಥ." ಇನ್ನೊಂದು ಕಾಗದ ತೆಗೆದರು. "ಇದರಲ್ಲಿ ಬಂತು, ನೋಡು. ರಾಜಿ ಆಯ್ತು. ನಾನು ಆ ಮದುವೆಗೆ ಹೋಗಿ ಅವನನ್ನು ಕಂಡು ಕೈ ಹಿಡಿದು ಮಾತಾಡಿದೆ." ಮತ್ತೊಂದು. "ಇವಳು ಮುಂಬೈಗೆ ಹೋಗಿ ಯಾರಿಗೂ ಬೇಡವಾದವಳು. ಅವಳ ಹೆಸರು ಹಾಕಿದ ಮೇಲೆ ಊರಿಗೆ ಬಂದಳು."

ನಾನು ಬಾಯಿ ತೆರೆದುಕೊಂಡು ಕೇಳಿದೆ. ನನ್ನ ಕಣ್ಣಿಗೆ ಬರೀ ಗದ್ದಲವಾಗಿದ್ದುದರಲ್ಲಿ ಮಾವ ಇಡೀ ಕುಟುಂಬದ ಸುದ್ದಿ ಓದುತ್ತಿದ್ದರು. ಮೇಡಂ ಕೇಳಿದ್ದ ಪ್ರಶ್ನೆಗೆ ಉತ್ತರ ಈ ಬಿಸ್ಕತ್ತಿನ ಡಬ್ಬದಲ್ಲಿತ್ತು. ನಾನು ಬರೆದೇ ಬರೆದೆ.

ಕೊನೆಗೆ ನನ್ನ ಹಳೆಯ ಕೊಬ್ಬು ಚೂರು ಎದ್ದಿತು, ಡಬ್ಬದಿಂದ ಇನ್ನೊಂದು ಕಾಗದ ಎತ್ತಿ ಕೊಟ್ಟೆ. "ಆಯ್ತು ಮಾವ, ಒಪ್ಪಿದೆ. ಈಗ ಈ ಕಾಗದದಲ್ಲಿ ಮದುವೆ ಎಲ್ಲಿ ಅಂತ ಹೇಳಿ ನೋಡುವ."

ಮಾವ ಕಾಗದವನ್ನು ದೂರ ಹಿಡಿದರು, ಹತ್ತಿರ ತಂದರು. ಮದುವೆ ಹಾಲಿನ ಹೆಸರು ಬಳ್ಳಿಯ ಚಿತ್ರದ ಅಡಿಯಲ್ಲಿ ಇರುವೆ ಸಾಲಿನ ಹಾಗಿತ್ತು. ಮಾವ ಒಳಗಿನ ಬಾಗಿಲಿನ ಕಡೆ ನೋಡಿ, ಅತ್ತೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಯಾರಿಗೂ ಹೇಳ್ಬಾರ್ದು. ಈ ಮದುವೆಗೆ ನಾನು ಹೋಗಿಯೇ ಇಲ್ಲ."

"ಮತ್ತೆ? ಊಟ ಲಾಯ್ಕಿತ್ತು ಅಂತ ಬಂದು ಹೇಳಿದ್ರಲ್ಲ!"

"ಊಟ ಮಾಡಿದ್ದೇನೆ. ಬೇರೆಯವರದ್ದು. ಅಲ್ಲಿ ಮೇಲೊಂದು ಹಾಲ್, ಕೆಳಗೊಂದು ಹಾಲ್. ನಾನು ಕೆಳಗೆ ನುಗ್ಗಿದೆ. ಎಲೆ ಹಾಕಿಬಿಟ್ಟಿದ್ರು, ಕೂತೆ. ಪಾಯಸ ಬರುವಾಗ ಗೊತ್ತಾಯ್ತು, ಒಂದು ಪರಿಚಯದ ಮುಖ ಇಲ್ಲ. ಎದ್ದು ಹೋಗ್ಲಿಕ್ಕೆ ನಾಚಿಕೆ. ತೆಗೆದುಕೊಂಡು ಹೋದ ಗೋಡೆ ಗಡಿಯಾರವನ್ನು ಆ ಗುರುತಿಲ್ಲದ ಮದುಮಗನ ಕೈಗೆ ಕೊಟ್ಟು ಬಂದೆ."

ನಾನು ನೋಟ್‌ಬುಕ್ಕಿನ ಮೇಲೆ ಬಿದ್ದು ನಕ್ಕೆ. ಮಾವನೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿದ ಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಒಂದು ಹೆಸರೂ ಬಿಡಬಾರದು. ಅಕ್ಕನ ಮದುವೆಯೂ ಮೇಲೆ ಕೆಳಗೆ ಎರಡು ಹಾಲ್ ಇರುವಲ್ಲೇ, ಹಾಗಾಗಿ ಹಾಲ್ ಕನ್ನಡಕ ಇಲ್ಲದೆ ಕಾಣಬೇಕು. ಇವೆರಡೂ ಆದರೆ ಮಾತ್ರ ಮಾವ ಬರುವುದು.

ಪ್ರೆಸ್ಸಿನ ಯಜಮಾನರ ಮುಂದೆ ನಾನು ತಲೆ ತಗ್ಗಿಸಿ ನಿಂತೆ. ಅವರು ಗೆದ್ದ ಮುಖ ಮಾಡಲಿಲ್ಲ. "ಒಂದು ಹೆಸರು ಬಿಟ್ಟುಹೋದ್ರೆ ಆ ಮನೆಯವರು ಮೊದಲು ಜಗಳಕ್ಕೆ ಬರುವುದು ಪ್ರೆಸ್ಸಿಗೆ" ಎಂದು ಹೇಳಿ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಮೂರು ದಿನ ಅವರ ಪಕ್ಕದಲ್ಲಿ ಕೂತೆ. ಈ ಸಲ ಪ್ರೆಸ್ಸಿನ ಹಳೆಯ ನಮೂನೆಯ ಹೂವು, ಬಳ್ಳಿ, ಹಂಸ, ಪ್ರಾಸದ ಪದ್ಯ ಎಲ್ಲ ತೆಗೆದೆ, ಮನುಷ್ಯರನ್ನು ಒಬ್ಬರನ್ನೂ ತೆಗೆಯಲಿಲ್ಲ. ಹಾಲ್, ಮಹಡಿ, ಗಂಟೆ ಮೂರನ್ನೂ ಮೇಲೆ ದಪ್ಪಕ್ಕೆ ಇಟ್ಟೆ. ಹೆಸರುಗಳನ್ನು ಒಂದೇ ಮುದ್ದೆ ಮಾಡದೆ ಮನೆ ಮನೆಯಾಗಿ ಬಿಡಿಸಿದೆ. ಹಾಗೆ ಬಿಡಿಸುವಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಹೆಣ್ಣಿನಿಂದ ನಡೆಯುವ ಕುಟುಂಬ ನಮ್ಮದು, ಕಾಗದದ ಮೇಲೆ ಮಾತ್ರ ಗಂಡಸರೇ ತುಂಬಿದ್ದರು! ನಾನು ಪ್ರತಿ ಮನೆಯ ತಲೆಗೆ ಆ ಮನೆಯ ಹಿರಿಯ ಹೆಂಗಸಿನ ಹೆಸರು ಇಟ್ಟೆ. ಮುಂಬೈಯಲ್ಲಿರುವ ನೆಂಟರಿಗೆ ಅನುಕೂಲವಾಗಲೆಂದು ವೆಬ್ ಪುಟವನ್ನೂ ಅದೇ ಕ್ರಮಕ್ಕೆ ತಂದೆ. ತೆರೆದ ಕೂಡಲೇ ಹಾಲ್, ದಾರಿ, ಅದರ ಕೆಳಗೆ ಹೆಸರುಗಳು.

ಆ ವಾರದ ವಿಮರ್ಶೆಗೆ ನನ್ನ ಮಲ್ಲಿಗೆ ಮೊಗ್ಗಿನ ಕಾರ್ಡನ್ನೇ ಇಟ್ಟು ಆರು ಪುಟ ಬೈದೆ. ಮೇಡಂ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸಿದರು. ಈ ಸಲ ಅವರು ಎಲ್ಲರಿಗಿಂತ ಹೆಚ್ಚು ನಕ್ಕರು.

ಹೊಸ ಕಾಗದ ಹಿಡಿದು ಅಮ್ಮನೂ ನಾನೂ ಉಳ್ಳಾಲಕ್ಕೆ ಹೋದೆವು. ನಾನು ಮಾವನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಕಾಗದವನ್ನು ಒಂದು ಮಾರು ದೂರ ಎತ್ತಿ ತೋರಿಸಿದೆ.

"ಮೇಲಿನ ಹಾಲ್," ಎಂದು ಮಾವ ಓದಿದರು. "ಮೇಲಿನದ್ದು!"

ಆಮೇಲೆ ಕನ್ನಡಕ ಹಾಕಿಕೊಂಡು ಬೆರಳನ್ನು ಕೆಳಗೆ ಇಳಿಸಿದರು. ಮೊದಲ ಮನೆಯ ತಲೆಯಲ್ಲಿ, ಮಾವನ ಹೆಸರಿಗಿಂತಲೂ ಮೇಲೆ, ತೀರಿಹೋದ ಅಜ್ಜಿಯ ಹೆಸರಿತ್ತು. ಬೆರಳು ಅಲ್ಲೇ ನಿಂತಿತು. "ಅಮ್ಮನ ಹೆಸರನ್ನು ನಾನು ಅಚ್ಚಿನಲ್ಲಿ ನೋಡುವುದು ಇದೇ ಮೊದಲು" ಎಂದರು ಮಾವ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಅತ್ತೆ ಚಾ ತಂದರು, ಬಿಸಿಬಿಸಿ ಕುಡಿದೆವು.

ಮದುವೆಯ ದಿನ ನಾವು ಹಾಲಿಗೆ ಹೋಗುವಾಗ ಮಾವ ಆಗಲೇ ಮೆಟ್ಟಿಲ ಬುಡದಲ್ಲಿ ನಿಂತಿದ್ದರು, ರೇಷ್ಮೆ ಶಾಲು ಹೊದ್ದು, ಅಂಗಿಯ ಜೇಬಿನಲ್ಲಿ ಕಾಗದ. ಮುಂಬೈಯ ದೊಡ್ಡಮ್ಮ ಫೋನು ಹಿಡಿದುಕೊಂಡು ಯಾರನ್ನೂ ದಾರಿ ಕೇಳದೆ ನೇರ ಮೇಲೆ ಬಂದರು. ನಮ್ಮವರು ಒಬ್ಬರೂ ದಾರಿ ತಪ್ಪಲಿಲ್ಲ. ಮುದುಕಿಯರು ಕಾಗದ ಬಿಡಿಸಿ ತಮ್ಮ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ಮುಹೂರ್ತಕ್ಕೆ ಮಾವ ಅಕ್ಕನ ಕೈ ಹಿಡಿದು ಮಂಟಪಕ್ಕೆ ನಡೆಸಿಕೊಂಡು ಬಂದರು. ಅಬ್ಬಾ, ಆ ನಡಿಗೆಯ ಗತ್ತೇ! ನಾನು ಹಾಲಿನ ನಡುವೆ ನಿಂತು ಕೈ ತಟ್ಟಿಬಿಟ್ಟೆ. ಅಮ್ಮ ಕಣ್ಣು ಬಿಟ್ಟು ಹೆದರಿಸಿದರೂ ನಿಲ್ಲಿಸಲಿಲ್ಲ.

ಊಟದ ಹೊತ್ತಿಗೆ ಮಾವ ನನ್ನನ್ನು ಸನ್ನೆ ಮಾಡಿ ಕರೆದರು. ಪಂಕ್ತಿಯ ಕೊನೆಯಲ್ಲಿ, ಎಲೆಯ ಮುಂದೆ, ಗುರುತಿಲ್ಲದ ಒಬ್ಬ ಮುದುಕರು ಕಾಗದ ಹಿಡಿದುಕೊಂಡು ಗಲಿಬಿಲಿಯಲ್ಲಿ ಕೂತಿದ್ದರು. ಅದು ಕೆಳಗಿನ ಹಾಲಿನ ಮದುವೆಯ ಕಾಗದ. ಎದ್ದು ಹೋಗಲು ಹೊರಟ ಅವರ ಹೆಗಲನ್ನು ಮಾವ ಮೆಲ್ಲಗೆ ಒತ್ತಿ ಕೂರಿಸಿದರು.

"ಪಾಯಸ ಬರ್ಲಿ, ಊಟ ಮಾಡಿ ಹೋಗಿ. ತಪ್ಪು ನಿಮ್ಮದಲ್ಲ," ಎಂದು ಆ ಕಾಗದವನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಬರ್ಕೊ ಮಗಾ."