ಕಿವಿಮಾವ ಆರಿಸಿದ ಆಂಪ್ಲಿಫೈಯರ್

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಕಿವಿಮಾವ. ಸ್ಪೀಕರ್ ತಂದವರಿಗೆ ಅದಕ್ಕೊಪ್ಪುವ ಆಂಪ್ಲಿಫೈಯರ್ ಆರಿಸಿಕೊಡುವುದು ಅವರ ಮೂವತ್ತು ವರ್ಷದ ಕೆಲಸ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ತಾವೇ ರೆಕಾರ್ಡ್ ಮಾಡಿಟ್ಟುಕೊಂಡ ಬೀಗದ ಕೈ ಗೊಂಚಲಿನ ಸದ್ದು ಹಾಕಿ ಕೇಳುವರು. ಗಾಜು ಒಡೆದಂತೆ ಕೇಳಿದರೆ ಜೋಡಿ ಕೂಡದು. ಕಂಬಳಿಯೊಳಗೆ ಅಲ್ಲಾಡಿಸಿದಂತಿದ್ದರೂ ಕೂಡದು. ಬೀಗದ ಕೈ ಬೀಗದ ಕೈಯಂತೆಯೇ ಕೇಳಬೇಕು.

ನಿವೃತ್ತ ಟೀಚರೊಬ್ಬರು ತಂದ ಸ್ಪೀಕರ್‌ಗಳದು ಹರಿತ ದನಿ. "ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತೆ. ತೀರಿಕೊಂಡ ಯಜಮಾನರು ಇಷ್ಟಪಟ್ಟು ತಂದದ್ದು, ಮಾರೋಕೆ ಮನಸ್ಸಿಲ್ಲ. ದನಿ ಬೆಚ್ಚಗಿರಬೇಕು, ಹಾಗಂತ ತೂಕಡಿಸಬಾರದು."

ಕಿವಿಮಾವ ಮೂರು ಆಂಪ್ಲಿಫೈಯರ್ ಹಚ್ಚಿ ಕೇಳಿ, ಎರಡನೆಯದರ ಮೇಲೆ ಕೈಯಿಟ್ಟರು. ಟೀಚರ ಹುಬ್ಬು ಗಂಟಾಯಿತು. ರಿಪೇರಿ ಮೇಜಿನಿಂದ ಹೆಂಡತಿಯ ತಮ್ಮ ತಲೆಯೆತ್ತಿದ.

"ಭಾವ, ಮೂರನೇದು ಇನ್ನೊಂದ್ಸಲ ಕೇಳೋಣ್ವಾ?"

"ಅದನ್ನ ಮಗು ಮಲಗಿಸೋಕೆ ಇಟ್ಕೋ. ಬೆಸುಗೆ ನಿನ್ನದು, ಕಿವಿ ನನ್ನದು."

"ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದು ಟೀಚರ್ ಎರಡನೆಯದನ್ನೇ ಒಯ್ದರು.

ವಾರದ ಬಳಿಕ ಆ ಕಡೆ ಹೋದ ಕಿವಿಮಾವ ಅವರ ಮನೆ ಹೊಕ್ಕರು. ಕಪಾಟಿನಲ್ಲಿ ಕೂತಿದ್ದದ್ದು ಮೂರನೆಯ ಆಂಪ್ಲಿಫೈಯರ್.

"ಮಾರನೇ ದಿನವೇ ನಿಮ್ಮ ಭಾವಮೈದ ಬಂದು ಬದಲಾಯಿಸಿ ಹೋದ್ರು. ನೀವೇ ಕಳಿಸಿದ್ರಂತೆ" ಎಂದರು ಟೀಚರ್. "ಕೇಳಿ, ಕೊಳಲಿನವರ ಉಸಿರು ಕೂಡ ಕೇಳಿಸುತ್ತೆ. ಒಂಚೂರೂ ಚುಚ್ಚಲ್ಲ."

ಕೊಳಲು ಕೇಳುತ್ತಿತ್ತು. ಉಸಿರಿಗಾಗಿ ಕಿವಿಮಾವ ಇಡೀ ಹಾಡು ಕಾದರು. ಅದು ಬರಲಿಲ್ಲ. "ಹೌದು, ಚೆನ್ನಾಗಿದೆ" ಎಂದು ಚಪ್ಪಲಿ ಮೆಟ್ಟಿದರು.

ಅಂಗಡಿಗೆ ಬಂದವರೇ ಭಾವಮೈದನ ಮುಂದೆ ನಿಂತರು. "ಎಷ್ಟು ಜನಕ್ಕೆ ಹೀಗೆ ಮಾಡಿದೀಯ?"

ಅವನು ಬೆಸುಗೆ ಕಡ್ಡಿ ಕೆಳಗಿಟ್ಟ. "ಎರಡು ವರ್ಷದಿಂದ, ಭಾವ. ಎಲ್ಲರಿಗೂ ಅಲ್ಲ. ಹರಿತದ ಸ್ಪೀಕರ್ ತಂದವರಿಗೆ ಮಾತ್ರ."

"ನಿಮ್ಮಕ್ಕನಿಗೆ ಗೊತ್ತಾ?"

ಗಲ್ಲಾದಲ್ಲಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: "ನಾನೇ ಮಾಡು ಅಂದದ್ದು. ಸಣ್ಣ, ಚೂಪು ಸದ್ದುಗಳು ನಿಮಗೆ ತಾಗ್ತಿಲ್ಲ ಅಂತ ಯಾವತ್ತೋ ಗೊತ್ತಾಯ್ತು. ಮುಖಕ್ಕೆ ಹೇಳಿದ್ರೆ ನೀವು ಬದುಕ್ತಿದ್ರಾ?"

"ಈಗ ಬದುಕಿದೀನಾ?"

ಅಷ್ಟರಲ್ಲಿ ಬಡಗಿಯೊಬ್ಬ ಸ್ಪೀಕರ್ ಜೋಡಿ ಹೊತ್ತು ಒಳಬಂದ.

"ನನ್ನ ಕಿವಿ ಹೋಗಿದೆ ಕಣಯ್ಯ. ಇವನನ್ನ ಕೇಳು" ಎಂದರು ಕಿವಿಮಾವ. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಬಡಗಿ ಹೊಟ್ಟೆ ಹಿಡಿದು ನಕ್ಕ. "ಕಿವಿಮಾವನ ಕಿವಿಯೇ ಹೋದ್ರೆ ನಾವೆಲ್ಲ ಬರೀ ಕಲ್ಲು. ತಮಾಷೆ ಸಾಕು ಸ್ವಾಮಿ. ನೀವು ಕೇಳಿ ಹೇಳ್ತೀರಿ ಅಂತಾನೇ ಇಷ್ಟು ದೂರ ಹೊತ್ತು ತಂದೆ."

"ಕೂತ್ಕೊಳ್ರೀ" ಎಂದಳು ಹೆಂಡತಿ, ಮೆಲ್ಲಗೆ.

ಕಿವಿಮಾವ ಕೂತರು. ಸದ್ದು ಬರುತ್ತಲೇ ಇತ್ತು. ಅವರು ಭಾವಮೈದನ ಮುಖ ನೋಡುತ್ತಿದ್ದರು. ಒಂದು ಆಂಪ್ಲಿಫೈಯರ್ ಬದಲಾಯಿತು, ಇನ್ನೊಂದು ಬದಲಾಯಿತು. ಕೊನೆಗೆ ಆ ತಲೆ ಕಂಡೂ ಕಾಣದಷ್ಟು ಬಾಗಿತು.

"ಹ್ಞೂಂ, ತಗೊಂಡು ಹೋಗು" ಎಂದರು.

ಬಡಗಿ ಎರಡೆರಡು ಸಲ ಕೈಮುಗಿದ. ಕಿವಿಮಾವ ಬಗ್ಗಿ ವೈರು ಸುತ್ತತೊಡಗಿದರು.