ಚೀಲದ ಮೇಲಿದ್ದ ಮುಖ

ನನ್ನ ಅಕ್ಕನ ಮುಖ ಅಕ್ಕಿ ಚೀಲದ ಮೇಲಿತ್ತು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನವರು ಹೊಸ ಬ್ರಾಂಡ್ ಮಾಡಿಸಲು ಬಳ್ಳಾರಿಯ ಪಾರ್ವತಿನಗರದ ಡಿಸೈನ್ ಸ್ಟುಡಿಯೋದವರನ್ನು ಕರೆಸಿದ್ದರು. ಅವರು ಕರೆತಂದಿದ್ದ ಮಾಡೆಲ್‌ಗೆ ಮೊರ ಹಿಡಿಯಲು ಬರಲಿಲ್ಲ. ಆ ಮಿಲ್ಲಿನಲ್ಲೇ ತೂಕದ ಕೆಲಸ ಮಾಡುವ ಭಾವನಿಗೆ ಬುತ್ತಿ ತಂದಿದ್ದ ಅಕ್ಕ ಅದನ್ನು ನೋಡಿ ನಕ್ಕಳು. ಕ್ಯಾಮೆರಾ ಅವಳ ಕಡೆ ತಿರುಗಿತು. ಆಮೇಲೆ ಕುರುಗೋಡು, ಮೋಕದ ಅಂಗಡಿಗಳ ಮುಂದೆಲ್ಲ ಅವಳನ್ನು ಒಬ್ಬಳ ಮೇಲೊಬ್ಬಳಂತೆ ಪೇರಿಸಿ ಇಟ್ಟಿದ್ದರು. "ನನ್ನ ಮಾರಿ ಮ್ಯಾಲೆ ಕುಂತು ಮಂದಿ ಚಾ ಕುಡೀತಾರ ನೋಡಲೇ" ಎಂದು ನನಗೆ ಹೇಳಿ ನಗುತ್ತಿದ್ದಳು.

ಹೋದ ಬೇಸಿಗೆಯಲ್ಲಿ ತಲೆನೋವೆಂದು ಮಲಗಿದವಳು ಏಳಲಿಲ್ಲ. ಆಪರೇಷನ್ ಆದರೂ ಉಳಿಯಲಿಲ್ಲ. ಮಣ್ಣು ಮಾಡುವ ದಿನ ತಲೆಗೆಲ್ಲ ಪಟ್ಟಿ ಸುತ್ತಿತ್ತು, ಮುಖ ಬಾತಿತ್ತು. ಕೆಂಚನಗುಡ್ಡದಿಂದ ಬಂದಿದ್ದ ಅವ್ವ ನೋಡಲಾರದೆ ಗೋಡೆಯ ಕಡೆ ತಿರುಗಿ ಕೂತಿದ್ದಳು. ಹೋಗುವಾಗ ನನಗೆ ಒಂದೇ ಮಾತು ಹೇಳಿದಳು: "ದಿನದ ಕಾರ್ಯಕ್ಕ ಫ್ಲೆಕ್ಸ್ ಹಾಕಸ್ತೀರಲ್ಲ, ಅದರಾಗ ಮಾರಿ ದೊಡ್ಡದು ಮಾಡಸು. ಒಮ್ಮೆ ಕಣ್ತುಂಬ ನೋಡ್ತೀನಿ."

ಮನೆಯಲ್ಲಿದ್ದ ಫೋಟೋಗಳಲ್ಲೆಲ್ಲ ಅಕ್ಕ ಯಾರದೋ ಹಿಂದೆ ನಿಂತಿದ್ದಳು. ನಾನು ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವವಳು. ಒಂದು ಮಧ್ಯಾಹ್ನ ರಜೆ ಕೇಳಿ ಆ ಸ್ಟುಡಿಯೋಕ್ಕೇ ಹೋದೆ. ಗೋಡೆಯ ತುಂಬ ಅವರ ಹೊಸ ಕೆಲಸಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಪ್ಯಾಂಟಿನ ಚೀಟಿ, ಹೋಟೆಲಿನ ಮೆನು, ಬೇಕರಿಯ ಡಬ್ಬಿ. ನಡುವೆ ಅಕ್ಕ. ಸ್ಟುಡಿಯೋ ನಡೆಸುವ ಡಿಸೈನರ್ ಮೂವತ್ತರ ಆಸುಪಾಸಿನವರು, ಮೆತ್ತಗೆ ಮಾತಾಡುವವರು. ದಿನದ ಕಾರ್ಯದ ಫ್ಲೆಕ್ಸಿಗೆ ಅಕ್ಕನ ಫೋಟೋ ಬೇಕೆಂದೆ.

"ಅವ್ರು ತೀರಿಕೊಂಡ್ರೇನ್ರಿ?" ಎಂದರು. ನಾನು ತಲೆಯಾಡಿಸಿದೆ. "ಛೇ" ಎಂದರು. "ಮಂದಿಗೆಲ್ಲಾ ಗೊತ್ತಾಗೇತೇನ್ರಿ?" ಎಂದು ಕೇಳಿ, ಫೋನ್ ಹಿಡಿದು ಹೊರಗೆ ಹೋದರು.

ಒಳಗೆ ಬಂದು ಫೋನನ್ನು ನನಗೆ ಕೊಟ್ಟರು. ಆ ಕಡೆ ಮಿಲ್ಲಿನ ಸಾವ್ಕಾರರು.

"ಅಮ್ಮಾ, ನಮ್ಮ ಮನಿ ಮಗಳಿದ್ದಂಗ ಇದ್ಲು. ಆದ್ರ ಮದುವಿ ಸೀಸನ್ ಐತಿ. ಇಲ್ಲಿ ಗ್ವಾಡಿಗೆ ಹಾರ ಹಾಕಿದ ಮಾರಿ, ಅಲ್ಲಿ ಚೀಲದ ಮ್ಯಾಲೆ ಅದೇ ಮಾರಿ. ಅಕ್ಷತಿಗೆ ಯಾರು ತಗೊಳ್ತಾರ ಹೇಳು? ಕುರುಗೋಡಿನ ಅಂಗಡಿಯವ್ರು ಲೋಡ್ ವಾಪಸ್ ಕಳಿಸ್ತಾರ."

"ಫೋಟೋ ನಮ್ಮವ್ವಗ ಬೇಕ್ರಿ" ಎಂದೆ.

"ಹಾಕ್ರಿ, ಬ್ಯಾಡ ಅನ್ನಲ್ಲ. ಗುರುತು ಹತ್ತಬಾರ್ದು, ಅಷ್ಟ."

ಸಾವ್ಕಾರರ ಪಕ್ಕದಲ್ಲೇ ಭಾವ ಇದ್ದ. ಅವನ ದನಿ ಕೇಳಿಸಿತು: "ಅವ್ರು ಹೇಳಿದಂಗ ಮಾಡು. ನಾಳೆನೂ ನಾನು ಇಲ್ಲೇ ಕೆಲಸಕ್ಕ ಬರಬೇಕು."

ಅವನು ಅಳುತ್ತಿದ್ದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಫೋನ್ ಕಟ್ಟಾಯಿತು.

ಡಿಸೈನರ್ ನನಗೊಂದು ಕುರ್ಚಿ ಹಾಕಿ, ಅಕ್ಕನ ಮುಖವನ್ನು ಪರದೆಯ ಅಗಲಕ್ಕೆ ತಂದರು. ಅಷ್ಟು ಹತ್ತಿರದಿಂದ ನಾನು ಅವಳನ್ನು ಬದುಕಿದ್ದಾಗಲೂ ನೋಡಿರಲಿಲ್ಲ. ಮೊದಲು ಬಾಯಿ ಮುಚ್ಚಿಸಿದರು. "ನಗು ತೆಗದ್ರ ಅರ್ಧ ಕೆಲಸ ಮುಗೀತು ನೋಡ್ರಿ. ಈಗ ಗುರುತು ಹತ್ತತೈತೇನ್ರಿ?"

"ಹತ್ತತೈತಿ" ಎಂದೆ.

ಮೂಗನ್ನು ಸಣ್ಣಗೆ ಮಾಡಿದರು. ಹುಬ್ಬು ಇಳಿಸಿದರು. "ಈಗ?"

"ಹತ್ತತೈತಿ."

"ಒಂದು ಕನ್ನಡಕ ಹಾಕೋಣ?" ತಮಗೆ ತಾವೇ ಹೇಳಿಕೊಂಡು ಹಾಕಿ, ಸರಿಹೋಗಲಿಲ್ಲವೆಂದು ತೆಗೆದರು. ಗದ್ದ ಉದ್ದ ಮಾಡಿದರು. ಪ್ರತಿ ಸಲವೂ ತಿರುಗಿ ನನ್ನನ್ನೇ ಕೇಳುತ್ತಿದ್ದರು. ಅವಳನ್ನು ಚೆನ್ನಾಗಿ ಬಲ್ಲವಳು ಅಲ್ಲಿ ನಾನೊಬ್ಬಳೇ. ಗುರುತು ಸಿಗುತ್ತದೆ ಎಂದಷ್ಟೂ ಅವರು ಇನ್ನಷ್ಟು ಅಳಿಸುತ್ತಾರೆಂಬುದು ನನಗೆ ತಡವಾಗಿ ಹೊಳೆಯಿತು. ಆಗ "ಇಲ್ಲ, ಈಗ ಹತ್ತಂಗಿಲ್ಲ" ಎಂದೆ. ಅಷ್ಟರಲ್ಲಿ ಅದು ನಿಜವೇ ಆಗಿತ್ತು. ಕಿವಿಗಳು ಮಾತ್ರ ಅಕ್ಕನವು ಉಳಿದಿದ್ದವು.

"ಬಾಳ ಡಿಗ್ನಿಫೈಡ್ ಬಂದೈತ್ರಿ" ಎಂದರು. ಫ್ರೀಯಾಗಿ ಪ್ರಿಂಟ್ ಮಾಡಿಸಿಕೊಟ್ಟರು.

ಕಾರ್ಯದ ದಿನ ಅಕ್ಕನ ಮನೆಯ ಮುಂದೆ ಫ್ಲೆಕ್ಸ್ ಕಟ್ಟಿದೆವು. ಮಿಲ್ಲಿನಿಂದ ಊಟಕ್ಕೆ ಅಕ್ಕಿ ಬಂದಿತ್ತು, ಬರೀ ಬಿಳಿ ಚೀಲಗಳಲ್ಲಿ. ಓಣಿಯವರು ಕೈಮುಗಿದು ನಿಂತರು. ಅಕ್ಕ ಕಲಸಿ ಕೊಟ್ಟ ಮಂಡಕ್ಕಿ ಒಗ್ಗರಣಿ ತಿಂದವಳೊಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ಅಗದಿ ಎದ್ದು ಬಂದಂಗ ಐತಿ" ಎಂದು ಅತ್ತಳು.

ಅವ್ವ ಬಂದಳು. ಕೈಯಲ್ಲಿ ತಾನೇ ಕಟ್ಟಿದ ಸೇವಂತಿಗೆ ಹಾರ. ಫ್ಲೆಕ್ಸಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಇದ್ಯಾರದು?"

"ನಿನ್ನ ಮಗಳವ್ವಾ" ಎಂದ ಭಾವ. "ಹಾರ ಹಾಕು."

"ಮಂದಿ ಮಗಳಿಗೆ ನಾನ್ಯಾಕ ಹಾಕ್ಲಿ? ಬದುಕಿದ್ರ ಬದುಕಲಿ, ಪಾಪ."

ದುಃಖಕ್ಕೆ ಮುದುಕಿಯ ತಲೆ ಕೆಟ್ಟಿದೆ ಎಂದು ಹೆಂಗಸರು ಲೊಚಗುಟ್ಟಿದರು. ಭಾವ ಅವಳ ಬೆರಳು ಬಿಡಿಸಿ ಹಾರ ತೆಗೆದುಕೊಂಡು ತಾನೇ ಹಾಕಿದ. ಅವ್ವ ನನ್ನ ಕಡೆ ನೋಡಿದಳು, ನೀನಾದರೂ ಹೇಳು ಎನ್ನುವಂತೆ. ಸಾವ್ಕಾರರು ಆಗಲೇ ಕಾರಿನಿಂದ ಇಳಿಯುತ್ತಿದ್ದರು.

"ಅಕ್ಕನ ಮಾರೀನ ಐತವ್ವಾ" ಎಂದು ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ.