ಟೈಲ್ಸ್ ಕೆಳಗಿನ ಪಗಡೆ

“ಅಮ್ಮಾ, ಜಟ್ಟೆಪ್ಪ ಕಾಕಾ ನಮ್ಮನೀ ನೆಲದ ಕೆಳಗ ಪಗಡಿ ಬರದಾರಂತ, ಖರೇನ?”

ಪ್ರಾಚಿ ಇದನ್ನು ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. ಐದು ವರ್ಷದ ಹುಡುಗಿ, ಬೆಳಗಿನಿಂದ ರಾತ್ರಿಯವರೆಗೂ ಪ್ರಶ್ನೆಗಳೇ. ಹೂಂ ಅಂದು ರಬ್ಬರ್ ಸುತ್ತಿ ಶಾಲೆಗೆ ಕಳಿಸಿದೆ. ಆಮೇಲೆ ಬಾಚಣಿಕೆ ಹಿಡಿದುಕೊಂಡೇ ನಡುಮನೆಯ ಬಿಳಿ ಟೈಲ್ಸನ್ನು ನೋಡುತ್ತ ನಿಂತುಬಿಟ್ಟೆ. ಖರೆ ಇದ್ದರೂ ಇರಬಹುದು. ನಮ್ಮ ಈ ಕಟ್ಟಡ ಕಟ್ಟಿದ ಗವಂಡಿಗಳಲ್ಲಿ ಜಟ್ಟೆಪ್ಪನವರೂ ಒಬ್ಬರು.

ಅವರು ಯಾದಗಿರಿ ಕಡೆಯವರು. ಮೀಸೆ ಮೂಡುವ ಮೊದಲೇ ಪುಣೆಗೆ ಬಂದು ಇಟ್ಟಂಗಿ ಹೊತ್ತರು, ಆಮೇಲೆ ಗಾರೆಯ ಥಾಪಿ ಹಿಡಿದು ಗವಂಡಿಯಾದರು. ಈಗ ತಲೆಯೆಲ್ಲ ಬೆಳ್ಳಗಾಗಿದೆ, ಸಿಮೆಂಟೋ ವಯಸ್ಸೋ ಹೇಳಲು ಬರುವುದಿಲ್ಲ. ನಮ್ಮ ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ಹಿಂದಿನ ತಗಡಿನ ಪತ್ರಾಶೆಡ್ಡಿನಲ್ಲಿ ಅವರೂ ಹೆಂಡತಿ ಯಮನವ್ವನೂ ಇರುತ್ತಾರೆ.

ಅವರ ಪರಿಚಯವಾದದ್ದು ಹೋದ ವರ್ಷ ಒಂದು ಶನಿವಾರ ಸಂಜೆ. ಶನಿವಾರ ಅವರಿಗೆ ಪಗಾರದ ದಿನ. ನನ್ನ ಗಂಡ ಕಿಶೋರನಿಗೆ ಅದು ಆಫೀಸಿನವರ ಜೊತೆ ಕೂಡುವ ದಿನ. ಒಮ್ಮೆ ನಮ್ಮಿಬ್ಬರನ್ನೂ ಬಾರಿಗೆ ಕರೆದೊಯ್ದಿದ್ದ. ಹಾಡಿನ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡ ಪ್ರಾಚಿ ಜೋಡಿಸಿದ ಎರಡು ಕುರ್ಚಿಗಳ ಮೇಲೆ ಅತ್ತು ಅತ್ತು ಮಲಗಿದಳು, ನಾನು ನಿಂಬೆ ಸೋಡಾದ ಗ್ಲಾಸನ್ನು ಹಿಂದೆ ಮುಂದೆ ಸರಿಸುತ್ತ ಕೂತಿದ್ದೆ. ಅಂದಿನಿಂದ ನೀ ಹೋಗಿ ಬಾ ಮಾರಾಯಾ, ನಾವು ಮನೆಯಲ್ಲೇ ಇರುತ್ತೇವೆ ಅಂದೆ. ಅವನ ಮೇಲೆ ಸಿಟ್ಟೇನಿಲ್ಲ. ಆದರೆ ಕೂಸನ್ನು ಕಟ್ಟಿಕೊಂಡ ಹೆಂಗಸು ಈ ಊರಿನಲ್ಲಿ ಸಂಜೆ ಎಲ್ಲಿ ಹೋಗಿ ನಾಲ್ಕು ಜನರ ನಡುವೆ ಕೂತಾಳು?

ಆ ಶನಿವಾರ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಮರಾಠಿಯಲ್ಲಿ ಒಂದರ ಹಿಂದೊಂದು ಮೆಸೇಜು. ಕೂಲಿಯವರು ಕುಡಿದು ಗದ್ದಲ ಎಬ್ಬಿಸಿದ್ದಾರೆ, ಪೊಲೀಸರನ್ನು ಕರೆಯೋಣ ಎಂದು. ಕೂಗು ನನಗೂ ಕೇಳುತ್ತಿತ್ತು, ಆದರೆ ಬೈಗುಳೆಲ್ಲ ಕನ್ನಡದವು. ನಮ್ಮವರೇ ಅಲ್ಲವೆ, ಹೇಳಿ ನೋಡೋಣ ಎಂದು ಪ್ರಾಚಿಯ ಕೈ ಹಿಡಿದು ಇಳಿದೆ.

ಅರ್ಧ ಕಟ್ಟಿದ ಕಟ್ಟಡದ ನೆಲಮಾಳಿಗೆ. ಒಂದು ಬಲ್ಬು, ಗುಡಿಸಿ ನೀರು ಚಿಮುಕಿಸಿದ ಸಿಮೆಂಟು ನೆಲ. ಸುತ್ತ ಗಂಡಸರು ಒತ್ತೊತ್ತಾಗಿ ಕೂತಿದ್ದರು, ಅಂಚಿನಲ್ಲಿ ಹೆಂಗಸರು, ಮಕ್ಕಳು. ಒಬ್ಬ ಎದ್ದು ನಿಂತು ಎರಡೂ ಕೈ ತಲೆಯ ಮೇಲಿಟ್ಟು ಒದರುತ್ತಿದ್ದ. ನಾನು ಪ್ರಾಚಿಯನ್ನು ಹಿಂದೆ ಸರಿಸಿಕೊಂಡು ಮೊದಲು ಮೂಗು ಚುರುಕು ಮಾಡಿದೆ. ಚುರುಮರಿಗೆ ಹೆಚ್ಚಿದ ಉಳ್ಳಾಗಡ್ಡಿ, ಚಹಾ, ಹಸಿ ಸಿಮೆಂಟು. ಬೇರೆ ಯಾವ ವಾಸನೆಯೂ ಇಲ್ಲ. ಒದರುತ್ತಿದ್ದವನ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ ಇದ್ದಾಗ ಎದುರಾಳಿಗಳು ಅದನ್ನು ಕಡಿದಿದ್ದರು.

ಪಗಡೆ! ಧಾರವಾಡದಲ್ಲಿ ನಮ್ಮ ಅಜ್ಜಿ ಶ್ರಾವಣದಲ್ಲಿ ಪೆಟ್ಟಿಗೆಯಿಂದ ಬಟ್ಟೆಯ ಹಾಸು ತೆಗೆದರೆ ಓಣಿಯ ಹೆಂಗಸರು ಇದೇ ದನಿಯಲ್ಲಿ ಒದರುತ್ತಿದ್ದರು. ಇಲ್ಲಿ ಬಟ್ಟೆ ಇರಲಿಲ್ಲ. ನಾಲ್ಕು ಕೈಯ ಪಟವನ್ನು ನೆಲದಲ್ಲೇ ಕೊರೆದಿದ್ದರು, ಗೆರೆ ಒಂದೂ ಸೊಟ್ಟಿಲ್ಲ. ಯಾರೂ ಕುಡಿದಿಲ್ಲ, ಆಟ ನಡೆದಿದೆ ಎಂದು ಅಲ್ಲಿಂದಲೇ ಗುಂಪಿಗೆ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಯಮನವ್ವ ನನ್ನ ಕೈಗೆ ಚುರುಮರಿ ಕೊಟ್ಟಾಗಿತ್ತು.

ಆಮೇಲೆ ಶನಿವಾರ ಸಂಜೆ ನಮಗೂ ಒಂದು ಜಾಗ ಸಿಕ್ಕಿತು. ನಾನು ಸೊಳ್ಳೆಬತ್ತಿ ಒಯ್ಯುತ್ತಿದ್ದೆ. ಪ್ರಾಚಿ ಅಲ್ಲಿನ ಮಕ್ಕಳ ಜೊತೆ ಉಸುಕಿನ ರಾಶಿಯಲ್ಲಿ ಹೊರಳಿ ಬರುತ್ತಿದ್ದಳು. ಒಮ್ಮೆ ನನ್ನನ್ನೂ ಆಟಕ್ಕೆ ಕೂಡಿಸಿದರು, ಅಜ್ಜಿಯ ಪುಣ್ಯ, ಜಟ್ಟೆಪ್ಪನವರ ಕಾಯಿಯನ್ನೇ ಕಡಿದೆ. “ಇಷ್ಟ ವರ್ಷ ಕಟ್ಟಿದ್ದ ಮರ್ಯಾದಿ ಅಕ್ಕಾರು ಒಂದ ಏಟಿಗೆ ಕೆಡವಿದ್ರು ನೋಡಲೇ,” ಎಂದು ಒಬ್ಬ ಅಂದಾಗ ಎಲ್ಲರಿಗಿಂತ ಹೆಚ್ಚು ನಕ್ಕವರು ಜಟ್ಟೆಪ್ಪನವರೇ.

ಈ ಪಟದ ಕತೆ ಹೇಳಿದವಳು ಯಮನವ್ವ. ಹರೆಯದಲ್ಲಿ ಜಟ್ಟೆಪ್ಪನವರೂ ಪಗಾರ ಕೈಗೆ ಬಂದೊಡನೆ ಎಲ್ಲರ ಜೊತೆ ದಾರೂ ಅಂಗಡಿಗೆ ಹೋಗುತ್ತಿದ್ದವರೇ. ದಾರೂ ಅವರಿಗೆ ಅಷ್ಟೇನೂ ಸೇರುತ್ತಿರಲಿಲ್ಲವಂತೆ. ಆದರೆ ಪತ್ರಾಶೆಡ್ಡಿನಲ್ಲಿ ಒಲೆ, ಮಲಗಿದ ಮಗು, ಬಗ್ಗಿ ಕೂಡಬೇಕಾದ ಸೂರು, ಗೆಳೆಯ ಬಂದರೆ ಎಲ್ಲಿ ಕೂಡಿಸುವುದು? “ಮಂದಿ ಕುಡ್ಯಾಕ ಹೋಗಂಗಿಲ್ರಿ ಅಕ್ಕಾರ, ಕುಂದ್ರಾಕ ಹೋಗ್ತಾರ,” ಎಂದು ಜಟ್ಟೆಪ್ಪನವರೇ ನನಗೆ ಒಮ್ಮೆ ಹೇಳಿದ್ದರು. ಒಂದು ಸಂಜೆ, ಆಗಷ್ಟೇ ಹಾಸಿದ ನೆಲ ಇನ್ನೂ ಮೆತ್ತಗಿರುವಾಗ, ಮೊಳೆಯಿಂದ ಪಗಡೆ ಕೊರೆದರು. ಕವಡೆ ಊರಿನಿಂದ ಬಂದವು. ಅಲ್ಲಿಂದ ಮುಂದೆ ಯಾವ ಕಟ್ಟಡಕ್ಕೆ ಹೋದರೂ ಒಂದು ಪಟ. ಕೆಲಸ ಮುಗಿದಾಗ ಟೈಲ್ಸಿನವರು ಬಂದು ಅದನ್ನು ಮುಚ್ಚುತ್ತಾರೆ, ಇವರು ಮುಂದಿನ ಕಟ್ಟಡಕ್ಕೆ ಹೋಗುತ್ತಾರೆ.

ನಾನು ಕೆಲಸಕ್ಕೆ ದಿನಾ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ. ಈ ಕತೆ ಕೇಳಿದ ಮೇಲೆ ಕಿಟಕಿಯಾಚೆಯ ಎತ್ತರದ ಕಟ್ಟಡಗಳು ಮೊದಲಿನಂತೆ ಕಾಣುವುದಿಲ್ಲ. ಖರಾಡಿ, ವಾಕಡ, ಹಿಂಜವಡಿ, ಎಲ್ಲೆಲ್ಲೋ ಯಾರದೋ ಸೋಫಾದ ಕೆಳಗೆ, ಯಾರದೋ ತೊಟ್ಟಿಲಿನ ಕೆಳಗೆ ಒಂದೊಂದು ಪಟ ಮಲಗಿದೆ. ಒಂದೊಂದರ ಸುತ್ತಲೂ ಎಷ್ಟೋ ಸಂಜೆಗಳ ನಗು.

ಅವರ ಆಟಕ್ಕೆ ಒಂದೇ ಕಟ್ಟಳೆ. ಕುಡಿದವನು ಬಂದು ಕೂಡಬಹುದು, ಚುರುಮರಿ ತಿನ್ನಬಹುದು, ಕವಡೆ ಮಾತ್ರ ಮುಟ್ಟುವ ಹಾಗಿಲ್ಲ. ಈ ಕಟ್ಟಳೆಗೆ ಸಿಕ್ಕವನು ಜಟ್ಟೆಪ್ಪನವರ ತಮ್ಮ ದೇವಾನಂದ. ಅವನ ಕುಡಿತಕ್ಕೆ ಬೇಸತ್ತು ಹೆಂಡತಿ ಭಾಗ್ಯಾ ಇಂದಾಪುರಕ್ಕೆ, ಕಬ್ಬಿನ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದ ತಂದೆತಾಯಿಯ ಬಳಿಗೆ, ಮಗುವನ್ನೆತ್ತಿಕೊಂಡು ಹೋದಳು. ಇವನು ಶನಿವಾರ ತೂರಾಡುತ್ತ ಬಂದು ಕಂಬಕ್ಕೊರಗಿ ಕೂಡುತ್ತಿದ್ದ. ಅಣ್ಣನ ಎದುರಿಗೆ, ಅವರ ಜೊತೆಗಾರನಾಗಿ ತಾನು ಕೂಡುತ್ತಿದ್ದ ಜಾಗದಲ್ಲಿ, ಇನ್ಯಾರೋ ಕೂತು ತಪ್ಪು ಕಾಯಿ ನಡೆಸುವುದನ್ನು ನೋಡಿ ನೋಡಿ ಅವನಿಗೆ ತಡೆಯುತ್ತಿರಲಿಲ್ಲ. ಅದಲ್ಲಲೇ ಹುಚ್ಚ, ಇದನ್ನು ನಡೆಸು ಎಂದು ಕೂಗಿದರೆ ಅಣ್ಣ ತಿರುಗಿಯೂ ನೋಡದೆ, “ನೋಡಾಂವಗ ಬಾಯಿಲ್ಲ,” ಅನ್ನುತ್ತಿದ್ದರು. ಇನ್ನೊಂದು ಮಾತು ಬೈದವರಲ್ಲ. ದಸರೆಯ ಹೊತ್ತಿಗೆ ಒಂದು ಶನಿವಾರ ದೇವಾನಂದ ಕೈಕಾಲು ತೊಳೆದು ಬಂದು ಅಣ್ಣನ ಎದುರು ಕೂತ. ಅಣ್ಣ ಕವಡೆ ಮುಂದೆ ತಳ್ಳಿದರು. ಅಂದು ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಉಳ್ಳಾಗಡ್ಡಿ ಅಂದಳು. ಅಲ್ಲಿಂದ ಇಲ್ಲಿಯವರೆಗೆ ಅವನು ಕುಡಿದಿಲ್ಲ.

ಇವತ್ತು ಸಂಜೆ ಶೆಡ್ಡಿನ ಹತ್ತಿರ ಹೋದಾಗ ಪ್ರಾಚಿ ತನ್ನ ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟಳು. ಜಟ್ಟೆಪ್ಪನವರು ತಲೆಯೆತ್ತಿ ನಮ್ಮ ಬಾಲ್ಕನಿ ಯಾವುದೆಂದು ಕೇಳಿದರು, ನಾನು ತೋರಿಸಿದೆ. ಬಹಳ ಹೊತ್ತು ನೋಡಿ, “ಹೌದವಾ, ನಿಮ್ಮನ್ಯಾಗನ ಅದ. ಅಡಗಿಮನಿ ಬಾಗಲದ ಮುಂದ,” ಅಂದರು. ಪ್ರಾಚಿ ಚಪ್ಪಾಳೆ ತಟ್ಟಿದಳು. ದಿನಾ ನಾನು ಚಪಾತಿಯ ತಟ್ಟೆ ಹಿಡಿದು ದಾಟುವ ಜಾಗ ಅದು.

ಮನೆಗೆ ಹೊರಟ ನನ್ನನ್ನು ಅವರೇ ತಡೆದರು. ಕೈಯಲ್ಲಿ ಕವಡೆಯ ಚೀಲವಿತ್ತು, ಅದರ ದಾರವನ್ನು ಬಿಚ್ಚುವರು, ಕಟ್ಟುವರು. ಭಾಗ್ಯಾಳ ತಂದೆ, ಹಿರಿಯರು ಬಂದು ಎದುರು ಕೂತು ಮಾತಾಡಿದರೆ ಮಗಳನ್ನು ಕಳಿಸುತ್ತೇನೆ ಅಂದಿದ್ದಾನೆ. ಇವರಿಗೆ ಭಾನುವಾರ ಬಿಟ್ಟರೆ ಸೂಟಿಯಿಲ್ಲ. ಬರುವ ಶನಿವಾರ ಅರ್ಧ ದಿನದ ಕೂಲಿ ಬಿಟ್ಟು ಮಧ್ಯಾಹ್ನ ಇಂದಾಪುರದ ಬಸ್ಸು ಹಿಡಿದು, ಭಾನುವಾರ ಬೆಳಗ್ಗೆ ಅವಳನ್ನೂ ಮಗುವನ್ನೂ ಕರೆದುಕೊಂಡು ಬರಬೇಕು. ಅಂದರೆ ಪಗಾರದ ಸಂಜೆ ದೇವಾನಂದನ ಎದುರು ಅಣ್ಣ ಇರುವುದಿಲ್ಲ.

“ಅಂವಾ ಕುಡದ ಬಿದ್ದದ್ದ ಕಂಡಳಂದ್ರ ಆಕಿ ಬಂದ ಕಾಲಾಗನ ಹೊಳ್ಳಿ ಹೋಗ್ತಾಳ್ರಿ. ಮತ್ತ ಬರಂಗಿಲ್ಲ.”

ಬೇರೆ ಯಾರನ್ನಾದರೂ ಕೂಡಿಸಬಹುದಲ್ಲ ಜಟ್ಟೆಪ್ಪಾರ ಎಂದು ಕೇಳಿದೆ. ಅವರು ಆಗದೆಂದು ತಲೆಯಾಡಿಸಿದರು. ತಮ್ಮವರಲ್ಲಿ ಯಾರು ಕೂತರೂ ಒಂದು ಕಾಯಿ ಸತ್ತ ಕೂಡಲೇ ನಡಿಲೇ ದಾರೂ ಅಂಗಡಿಗೆ ಹೋಗೋಣ ಅನ್ನುವವರೇ, ಅವನೂ ಎದ್ದು ಹೋಗುವವನೇ.

ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಪ್ರಾಚಿಯ ಬೊಗಸೆಯಲ್ಲಿಟ್ಟು, ನನ್ನ ಮುಖ ನೋಡದೆ ಹೇಳಿದರು:

“ಶನಿವಾರ ನನ್ನ ಜಾಗಾದಾಗ ನೀವು ಕುಂದರ್ರಿ ಅಕ್ಕಾರ. ನಿಮ್ಮನ್ನ ನಡುವ ಬಿಟ್ಟ ಅಂವಾ ಏಳಂಗಿಲ್ಲ. ನಿಮ್ಮ ಕಾಯಿ ಹಿಂದ ಉಳದ್ರ ಉಳೀಲಿ, ಅಂವನ ಕಾಯಿ ಹಣ್ಣಾಗೂತನಕ ಆಟ ಬಿಡಬ್ಯಾಡ್ರಿ.”